ಬಿಸಿಲಿಗಿಟ್ಟ ನೀರು

ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ ಎಂಬುದು ಸೃಷ್ಟಿಯ ಗಂಭೀರ ಸತ್ಯಗಳಲ್ಲಿ ಒಂದು. ಇದನ್ನು ನಮಗೆ ಬಾಯಿಪಾಠ ಮಾಡಿಸಿದ ಮೇಷ್ಟ್ರು ಮನೆಯಲ್ಲಿ ಸ್ವಂತ ಬಾವಿ ಇದ್ದವರು; ನಲ್ಲಿಯ ಕೆಳಗೆ ಎಂದೂ ಮೂಗು ಒಡ್ಡಿದವರಲ್ಲ. ನಲ್ಲಿಯ ನೀರಿಗೆ ವಾಸನೆಯಿದೆ. ಸುಣ್ಣ ಬಳಿದ ಆಸ್ಪತ್ರೆಯ ಗೋಡೆಗೂ ಒದ್ದೆಯಾದ ತಗಡಿಗೂ ನಡುವೆ ಎಲ್ಲೋ ಇರುವಂಥ ವಾಸನೆ. ಸಕಲೇಶಪುರದ ನನ್ನ ಈಗಿನ ಮನೆಯಲ್ಲಿ, ಟ್ಯಾಂಕಿಗೆ ಯಾರೋ ಪುಣ್ಯಾತ್ಮರು ಬ್ಲೀಚಿಂಗ್ ಪೌಡರನ್ನು ಕೈ ಬಿಚ್ಚಿ ಸುರಿದ ಬೆಳಿಗ್ಗೆ, ಬಕೆಟ್ಟಿಗೆ ನೀರು ಬೀಳುತ್ತಿದ್ದಂತೆಯೇ ಆ ವಾಸನೆ ಏಳುತ್ತದೆ. ಅದರ ಬೆನ್ನಿಗೇ ಆಗತಾನೆ ಬೀಸಿದ ರಾಗಿಹಿಟ್ಟಿನ ಬೆಚ್ಚನೆಯ ವಾಸನೆಯೂ ಬರುತ್ತದೆ. ಎರಡನೆಯದು ಬಕೆಟ್ಟಿನಲ್ಲಿಲ್ಲ ಎಂದು ನನಗೆ ಗೊತ್ತು.

ಆ ನೀರು ಹಿಡಿಯುವುದು ಮಗಳ ಮೀನುಗಳಿಗೆ. ಅವಳ ಹಟಕ್ಕೆ ತಂದ ಗಾಜಿನ ತೊಟ್ಟಿ ನಮ್ಮ ನಡುಮನೆಯಲ್ಲಿದೆ. ಈಗೆಲ್ಲ ನಲ್ಲಿ ನೀರನ್ನು ಮೀನಿಗೆ ಹದ ಮಾಡುವುದು ಸುಲಭ. ಅಂಗಡಿಯಲ್ಲಿ ಒಂದು ಪುಟ್ಟ ಬಾಟಲಿ ಸಿಗುತ್ತದೆ, ಬಕೆಟ್ಟಿಗೆ ನಾಲ್ಕು ಹನಿ ಬಿಟ್ಟು ಕಲಕಿದರೆ ಕ್ಲೋರಿನ್ನಿನ ಕಾಟ ಮುಗಿಯಿತು. ನಾನು ಹನಿಯನ್ನೂ ಬಿಡುತ್ತೇನೆ, ಬಕೆಟ್ಟನ್ನು ಹೊತ್ತು ತಾರಸಿಯ ಮೇಲೆ ಒಂದು ಹಗಲು ಬಿಸಿಲಿಗೂ ಇಡುತ್ತೇನೆ. "ಅಮ್ಮ, ಹನಿ ಹಾಕಿದ್ರೆ ಸಾಕು ಅಂತ ಬಾಟ್ಲಿ ಮೇಲೇ ಬರೆದಿದಾರೆ, ನಿಂಗ್ಯಾಕೆ ಅನುಮಾನ?" ಎಂದು ಮಗಳು ಕೇಳುತ್ತಾಳೆ. ಅನುಮಾನವಲ್ಲ, ನಾಚಿಕೆ. ಬಕೆಟ್ಟು ನೀರಿನ ಮುಂದೆ ನಿಂತು ನಾಚಿಕೆಪಡುವ ಹೆಂಗಸು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯದು. ನಿಮ್ಮ ಹಳೆಯ ಮನೆಯ ಹಿತ್ತಲಿನಲ್ಲೂ ಒಂದು ಬಾವಿ ಇದ್ದಿದ್ದರೆ ನೀವೂ ಇರಬಹುದು.

ಹಾನುಬಾಳಿನಲ್ಲಿ ಬಸ್ಸಿಳಿದು ಜೀಪು ಹತ್ತಿದರೆ ನಮ್ಮೂರು. ರಸ್ತೆಗೆ ಮುಖ ಮಾಡಿ ಅಪ್ಪನ ಹಿಟ್ಟಿನ ಗಿರಣಿ, ಗಿರಣಿಯ ಬೆನ್ನಿಗೆ ಅಂಟಿಕೊಂಡಂತೆ ಮನೆ, ಮನೆಯ ಹಿಂದೆ ಬಾವಿ. ಅಪ್ಪನನ್ನು ಊರೆಲ್ಲ ಗಿರಣಿಗೌಡ್ರು ಎನ್ನುತ್ತಿತ್ತು. ಬೆಳಿಗ್ಗೆ ಕಪ್ಪು ಮೀಸೆಯಲ್ಲಿ ಗಿರಣಿಗೆ ಹೋದವರು ಮಧ್ಯಾಹ್ನದ ಹೊತ್ತಿಗೆ ಮೀಸೆ, ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿ ಮುದುಕರಾಗುತ್ತಿದ್ದರು. ಸಂಜೆ ಸ್ನಾನ ಮಾಡಿ ಮತ್ತೆ ಯೌವನಕ್ಕೆ ಮರಳುತ್ತಿದ್ದರು. ಗಿರಣಿಯ ಮುಂದೆ ಒಂದು ಉದ್ದನೆಯ ಕಲ್ಲುಬೆಂಚು. ರಾಗಿ, ಅಕ್ಕಿ ತಂದವರು ತಮ್ಮ ಸರದಿ ಬರುವವರೆಗೆ ಅಲ್ಲಿ ಕೂತು ಸರ್ಕಾರಗಳನ್ನು ಏರಿಸಿ ಇಳಿಸುತ್ತಿದ್ದರು. ಬೆಲ್ಟಿನ ಪಟಪಟ ಸದ್ದಿಗೆ ಎಲ್ಲರೂ ಗಂಟಲೆತ್ತಿ ಮಾತಾಡಿ ರೂಢಿಯಾಗಿ, ನಮ್ಮೂರಿನವರು ಸಾವಿನ ಮನೆಯಲ್ಲಿ ಕೂಡ ಮೆಲ್ಲಗೆ ಮಾತಾಡಲು ಕಷ್ಟಪಡುತ್ತಿದ್ದರು.

ಬಾವಿಯ ಅಧಿಕಾರ ಅಜ್ಜಿಯದು. ಅದರಲ್ಲಿ ಬೆರಳುದ್ದದ ಸಸಲು ಮೀನುಗಳಿದ್ದವು. ನಮ್ಮ ಕಡೆ ಹೊಸ ಬಾವಿ ತೋಡಿ ನೀರು ಬಂದೊಡನೆ ಯಾರೂ ಬೊಗಸೆ ಒಡ್ಡುವುದಿಲ್ಲ. ಗದ್ದೆಯ ಕಾಲುವೆಯಿಂದ ನಾಲ್ಕು ಮೀನು ಹಿಡಿದು ತಂದು ಬಿಡುತ್ತಾರೆ. ಮೀನು ಓಡಾಡಿಕೊಂಡಿದ್ದರೆ ಆಮೇಲೆ ಮನುಷ್ಯರು ಕುಡಿಯುತ್ತಾರೆ. ನಮ್ಮ ಬಾವಿಯ ಸಸಲುಗಳು ಹಾಗೆ ನನ್ನ ಮುತ್ತಜ್ಜ ತಂದು ಬಿಟ್ಟವುಗಳ ಸಂತಾನವಂತೆ. ಕೊಡದಲ್ಲಿ ಒಂದು ಮರಿ ಬಂದರೂ ಅಜ್ಜಿ ಅದನ್ನು ಅಂಗೈಯಲ್ಲಿ ಹಿಡಿದು, ದಾರಿ ತಪ್ಪಿದ ಮೊಮ್ಮಗುವನ್ನು ಮನೆಗೆ ಬಿಡುವಂತೆ ಮತ್ತೆ ಬಾವಿಗೆ ಬಿಡುತ್ತಿದ್ದಳು. ಬೇಸಿಗೆಯಲ್ಲೂ ಆ ಕಟ್ಟೆಯ ಕಲ್ಲು ತಣ್ಣಗಿರುತ್ತಿತ್ತು. ಹಗ್ಗದ ಒದ್ದೆ ನಾರಿನ ವಾಸನೆ, ರಾಟೆಯ ಕಿರುಗುಟ್ಟುವಿಕೆ, ತಾಮ್ರದ ಕೊಡ ನೀರಿಗೆ ಮುಟ್ಟಿದಾಗ ಬಾವಿಯ ಹೊಟ್ಟೆಯೊಳಗಿಂದ ಬರುತ್ತಿದ್ದ ಆ ಗುಳುಂ ಎಂಬ ಸದ್ದು. ಇವನ್ನು ನಾನು ಈಗಲೂ ಬಯಸಿದಾಗ ಕೇಳಿಸಿಕೊಳ್ಳಬಲ್ಲೆ.

ಬಾವಿಯಿಂದ ಒಂದು ಗದ್ದೆಯ ಅಗಲ ದಾಟಿದರೆ ಕೆಳಗಿನ ಕೇರಿ. ಆ ಕೇರಿಯವರು ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ, ಗೊಬ್ಬರ ಹೊರುವ ಕೆಲಸಕ್ಕೆ ಹೋಗುತ್ತಿದ್ದರು. ಅವರು ಕುಡಿಯುತ್ತಿದ್ದದ್ದು ಹಳ್ಳದ ನೀರು. ಕೊಯ್ಲಿನ ಕಾಲದಲ್ಲಿ ಮೇಲಿನ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಅದೇ ಹಳ್ಳಕ್ಕೆ ಇಳಿದು, ಕೊಳೆತ ಕಾಫಿಹಣ್ಣಿನ ಹುಳಿ ನಾತ ಶಾಲೆಯವರೆಗೂ ಬರುತ್ತಿತ್ತು. ಮಳೆಗಾಲದಲ್ಲಿ ಹಳ್ಳಕ್ಕೆ ಬಂದು ಸೇರುತ್ತಿದ್ದದ್ದು ಏನೇನು ಎಂಬುದನ್ನು ಬರೆಯದಿರುವುದೇ ಮರ್ಯಾದೆ. ಒಂದು ಮಳೆಗಾಲ ಆ ಕೇರಿಯಲ್ಲಿ ಮನೆಮನೆಗೂ ಕಾಮಾಲೆ ಹಬ್ಬಿತು. ಗಿರಣಿಗೆ ಬಂದವರ ಕಣ್ಣುಗಳು ಅರಿಶಿನದ ನೀರಿನಲ್ಲಿ ಅದ್ದಿದಂತಿದ್ದವು. ಅಪ್ಪ ಆಗಷ್ಟೇ ದ್ಯಾವಣ್ಣನೆಂಬವನನ್ನು ಸೋಲಿಸಿ ಪಂಚಾಯಿತಿ ಮೆಂಬರಾಗಿದ್ದರು. ಕೇರಿಗೆ ನಲ್ಲಿ ತಂದೇ ತೀರುತ್ತೇನೆಂದು ಹೊರಟರು. ಹಿಟ್ಟಿನ ರೆಪ್ಪೆಯಲ್ಲೇ ಜೀಪು ಹತ್ತಿ ಕಚೇರಿಯಿಂದ ಕಚೇರಿಗೆ ಅಲೆದರು. ಮುಂದಿನ ಬೇಸಿಗೆಗೆ ಗುಡ್ಡದ ಮೇಲೆ ಟ್ಯಾಂಕು ಎದ್ದಿತು, ಕೇರಿಯ ಬಾಯಿಗೆ ಒಂದು ನಲ್ಲಿ ಬಂದಿತು. ಅಪ್ಪನ ಜೀವನದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಆ ನೀರನ್ನು ಕೇರಿಯವರು ಕುಡಿಯಬೇಕು, ಮಳೆ ಹಿಡಿಯುವುದರೊಳಗೆ ಹಳ್ಳ ಬಿಡಬೇಕು. ಅಪ್ಪನಿಗೆ ಬೇಕಾಗಿದ್ದದ್ದು ಇಷ್ಟೇ.

ಅಡ್ಡ ಬಂದದ್ದು ಅಜ್ಜಿ. ನಲ್ಲಿಯ ಪೂಜೆಯಾದ ದಿನವೇ ಒಂದು ಬೋಗುಣಿಯಲ್ಲಿ ಅದರ ನೀರು ತರಿಸಿ, ನಮ್ಮ ಬಾವಿಯ ಎರಡು ಸಸಲುಗಳನ್ನು ಅದರೊಳಗೆ ಬಿಟ್ಟು, ಮುಂದೆ ಚಕ್ಕಂಬಕ್ಕಲ ಹಾಕಿ ಕೂತಳು. ಊಟದ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲಾಗಿದ್ದವು. ಅಜ್ಜಿ ಬೋಗುಣಿಯನ್ನು ಗಿರಣಿಗೇ ತಂದು ಬೆಂಚಿನವರೆದುರು ಇಟ್ಟಳು.

"ನೋಡ್ಲಾ, ನಿನ್ ಸರ್ಕಾರದ್ ನೀರು. ಸಸ್ಲು ಸತ್ತೋಗ್ಬುಟ್ವು."

"ಅವ್ವಾ, ಅದು ಔಷಧಿ ಕಣವ್ವಾ. ಹುಳ ಸಾಯ್ಲಿ ಅಂತ ಹಾಕದು."

"ಮೀನೇನ್ ಹುಳವೇನ್ಲಾ?"

ಇದಕ್ಕೆ ಉತ್ತರ ಇತ್ತು ಎಂದು ನನಗೆ ಈಗ ಗೊತ್ತು: ಮೀನು ಆ ನೀರನ್ನೇ ಉಸಿರಾಡುತ್ತದೆ, ಔಷಧಿ ಅದರ ಕಿವಿರನ್ನು ಸುಟ್ಟು ನೇರ ರಕ್ತಕ್ಕೆ ಇಳಿಯುತ್ತದೆ, ಕುಡಿದ ಮನುಷ್ಯನ ಹೊಟ್ಟೆ ಅಷ್ಟನ್ನು ತಾಳಿಕೊಳ್ಳುತ್ತದೆ. ಆದರೆ ಮೀನನ್ನು ನೀರಿನ ಸಾಕ್ಷಿಯೆಂದು ತಲೆತಲಾಂತರದಿಂದ ನಂಬಿದ ಊರಿಗೆ, ಸಾಕ್ಷಿಯೇ ಸತ್ತುಬಿದ್ದ ಮೇಲೆ, ಕಿವಿರಿನ ವಿಚಾರ ಹೇಳುವವರು ಯಾರು? "ಗಿರಣಿಗೌಡ್ರು ಕೇರಿಗೆ ಫಿನಾಯಿಲ್ ತಂದವ್ರೆ ಕಣ್ರಪ್ಪಾ. ಕುಡುದ್ರೆ ಹೊಟ್ಟೆ ಫಳಫಳ ಅಂತದೆ," ಎಂದ ದ್ಯಾವಣ್ಣ. ಅವನಿಗೂ ಸ್ವಂತ ಬಾವಿಯಿತ್ತು.

ಅಪ್ಪ ಆ ವಾದವನ್ನು ಒಪ್ಪದೆ ಬಿಡಬಹುದಿತ್ತು. ಬಿಡಲಿಲ್ಲ; ಅದರೊಳಗೇ ಇಳಿದರು. ಮೀನು ಬೇಕು ತಾನೆ, ಮೀನನ್ನೇ ತೋರಿಸುತ್ತೇನೆ ಎಂದು ಸಕಲೇಶಪುರಕ್ಕೆ ಹೋಗಿ, ಒಂದು ಗಾಜಿನ ತೊಟ್ಟಿ, ಗುಳ್ಳೆ ಬಿಡುವ ಮೋಟಾರು, ಎರಡು ಕೆಂಪು ಗೋಲ್ಡ್ ಫಿಶ್ಶುಗಳೊಂದಿಗೆ ಬಂದರು. ತೊಟ್ಟಿಯನ್ನು ಮದುಮಗಳಂತೆ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ತಾವು ಹಿಂದೆ ನೇತಾಡಿಕೊಂಡು ಬಂದರಂತೆ. ಅಂಗಡಿಯವನು ದುಡ್ಡು ಎಣಿಸುತ್ತ ಎಲ್ಲರಿಗೂ ಹೇಳುವುದನ್ನೇ ಇವರಿಗೂ ಹೇಳಿದ್ದ: "ನಲ್ಲಿ ನೀರು ಸೀದಾ ಹಾಕ್ಬೇಡಿ ಸಾರ್. ಒಂದ್ ದಿನ ಬಿಸಿಲಲ್ಲಿ ಬಿಡಿ, ಔಷಧಿ ಹಾರೋಗ್ತದೆ." ಅಪ್ಪ ಅದನ್ನು ಗುರುವು ಕಿವಿಯಲ್ಲಿ ಹೇಳಿದ ಮಂತ್ರದಂತೆ ಮನೆಗೆ ತಂದರು, ಮತ್ತು ಮಂತ್ರದಂತೆಯೇ ಯಾರಿಗೂ ಹೇಳಲಿಲ್ಲ.

ಮನೆಯವರಿಗೆ ಹೇಳದೆ ವಿಧಿಯಿರಲಿಲ್ಲ, ಏಕೆಂದರೆ ಹಂಡೆ ಬೇಕಿತ್ತು. ಬಚ್ಚಲಿನ ದೊಡ್ಡ ಹಂಡೆಯನ್ನು ಹಿತ್ತಲಿಗೆ ಹೊತ್ತು, ನಲ್ಲಿಯಿಂದ ತಂದ ನೀರನ್ನು ತುಂಬಿಸಿ, ದಿನವಿಡೀ ಬಿಸಿಲು ಕಾಯಿಸುವುದು. ನಡುನಡುವೆ ನಾನು ಚೆಂಬಿನಲ್ಲಿ ಎತ್ತಿ, ಹೋಟೆಲಿನವರು ಕಾಫಿ ಎಳೆಯುವಂತೆ ಎತ್ತರದಿಂದ ಧಾರೆ ಹುಯ್ಯಬೇಕು; ಗಾಳಿ ಬೆರೆತಷ್ಟೂ ಔಷಧಿ ಬೇಗ ಹೋಗುತ್ತದೆಂದು ಅಪ್ಪನ ಸ್ವಂತ ಸಂಶೋಧನೆ. ಧಾರೆ ಬಿದ್ದಾಗ ಎದ್ದು ಬರುತ್ತಿದ್ದ ಆ ವಾಸನೆ ಮಧ್ಯಾಹ್ನಕ್ಕೆ ತೆಳುವಾಗಿ, ಸಂಜೆಗೆ ಇಲ್ಲವಾಗಿ, ಹಂಡೆಯಲ್ಲಿ ಬೆಚ್ಚಗಿನ ತಾಮ್ರದ ವಾಸನೆಯಷ್ಟೇ ಉಳಿಯುತ್ತಿತ್ತು. ಅಮ್ಮ ಮಾತ್ರ, "ಮೀನಿಗೆ ಬಿಸ್ನೀರು, ಮನುಷ್ರಿಗೆ ತಣ್ಣೀರ್ ಸ್ನಾನ. ಮುಂದ್ಲ ಜನ್ಮಕ್ಕೆ ಗೋಲ್ಡ್ ಫಿಶ್ಶಾಗೇ ಹುಟ್ತೀನಿ ತಗ," ಎಂದು ಗೊಣಗುತ್ತ ಚಿಕ್ಕ ಪಾತ್ರೆಯಲ್ಲಿ ನೀರು ಕಾಯಿಸಿಕೊಳ್ಳುತ್ತಿದ್ದಳು.

ತೊಟ್ಟಿ ಗಿರಣಿಯ ಕಿಟಕಿಯಲ್ಲಿ, ಬೆಂಚಿನವರಿಗೆ ಕಾಣುವಂತೆ ಕೂತಿತು. ಗಾಜಿನ ಮೇಲೆ ಹಿಟ್ಟು ಕೂರುತ್ತಿತ್ತು. ನೀರಿನ ಮೇಲೂ ಕೂರುತ್ತಿತ್ತು. ಊರಿನ ಪ್ರತಿ ಮನೆಯ ರಾಗಿಯ ರುಚಿ ಕಂಡ ಮೀನುಗಳು ಲೋಕದಲ್ಲಿ ಅವೆರಡೇ ಇದ್ದಿರಬೇಕು. "ಇದು ನಲ್ಲಿ ನೀರೇ," ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಸುಳ್ಳಲ್ಲ. ಅದು ನಲ್ಲಿಯ ನೀರೇ. ನಮ್ಮಪ್ಪ ಬದುಕಿನಲ್ಲಿ ಸುಳ್ಳು ಹೇಳಿದವರಲ್ಲ ಎಂದು ಅವರ ತಿಥಿಯ ದಿನ ಯಾರೋ ಹೊಗಳಿದಾಗ ನಾನು ತಲೆ ತಗ್ಗಿಸಿದ್ದು ದುಃಖಕ್ಕೆ ಎಂದು ಎಲ್ಲರೂ ತಿಳಿದರು.

ಕೇರಿಯ ಗಂಗಕ್ಕ ಮೊದಲು ನಂಬಿದಳು. ಎಸ್ಟೇಟಿನ ಕೆಲಸ ಮುಗಿಸಿ ರಾಗಿ ಬೀಸಿಸಲು ಬರುತ್ತಿದ್ದ, ಹೆಚ್ಚು ಮಾತಿಲ್ಲದ ಹೆಂಗಸು. ಹಿಂದಿನ ಮಳೆಗಾಲ ಅವಳ ಗಂಡ ಕಾಮಾಲೆಯಲ್ಲಿ ಬಹಳ ದಿನ ಮಲಗಿದ್ದ. ಅವಳ ಮಗಳು ಸುಮ ನನ್ನ ಕ್ಲಾಸಿನವಳು. ಸುಮ ಬಂದವಳೇ ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು, ಹೋಗುವಾಗ ಮೂಗಿನ ತುದಿಯಲ್ಲಿ ಬಿಳಿ ಹಿಟ್ಟು. ಮೀನುಗಳಿಗೆ ಕೆಂಪಿ, ಕೆಂಚ ಎಂದು ಹೆಸರಿಟ್ಟವಳೂ ಅವಳೇ. ಯಾವುದು ಯಾವುದೆಂದು ನನಗೆ ಎಂದೂ ತಿಳಿಯಲಿಲ್ಲ, ಅವಳಿಗೆ ತಿಳಿಯುತ್ತಿತ್ತು. "ಕೆಂಪಿಗೆ ಬಾಲದಾಗೆ ಒಂದ್ ಸೀಳು ಐತೆ, ಕಣ್ ಬಿಟ್ ನೋಡೇ," ಎನ್ನುತ್ತಿದ್ದಳು. ಗಂಗಕ್ಕ ಕೆಲವು ದಿನ ಮೀನುಗಳನ್ನು ಸುಮ್ಮನೆ ನೋಡಿದಳು. ಒಂದು ದಿನ, "ಬದುಕವಲ್ಲ ಗೌಡ್ರೇ. ಸರಿ ಬುಡಿ," ಎಂದು ಹೇಳಿ, ಹೋಗುತ್ತ ನಲ್ಲಿಯಲ್ಲಿ ಕೊಡ ತುಂಬಿಸಿಕೊಂಡಳು. ಅವಳನ್ನು ನೋಡಿ ಪಕ್ಕದ ಮನೆ, ಅದನ್ನು ನೋಡಿ ಇನ್ನೊಂದು. ಮಳೆಗೆ ಮುಂಚೆ ಕೇರಿಯ ಅರ್ಧ ಜನ ನಲ್ಲಿಗೆ ಬಂದಿದ್ದರು. ಅಪ್ಪ ಸಂಜೆ ಹೊತ್ತು ಗಿರಣಿಯ ಬಾಗಿಲಲ್ಲಿ ನಿಂತು ಕೊಡಗಳ ಸಾಲನ್ನು ನೋಡುವಾಗ ಅವರ ಹಿಟ್ಟಿನ ಮುಖದಲ್ಲಿ ಒಂದು ನಗು ಬಿರುಕು ಬಿಡುತ್ತಿತ್ತು.

ಮುಂಗಾರಿನ ಮೋಡ ಕಟ್ಟಿದ್ದ ಒಂದು ಬೆಳಿಗ್ಗೆ, ಬೆಂಚು ತುಂಬಿ, ಎಸ್ಟೇಟಿಗೆ ರಜೆಯಿದ್ದ ಗಂಗಕ್ಕನೂ ಮಗಳೊಂದಿಗೆ ಬಂದು ನಿಂತಿದ್ದಾಗ, ದ್ಯಾವಣ್ಣ ಹೆಗಲ ಮೇಲೆ ಕೊಡಪಾನ ಇಟ್ಟುಕೊಂಡು ಬಂದ. ಗಂಡಸರು ನೀರು ಹೊರುವುದು ನಮ್ಮೂರಿನಲ್ಲಿ ಕಂಡರಿಯದ ಸಂಗತಿಯಾದ್ದರಿಂದ ಎಲ್ಲರೂ ಅವನತ್ತ ಕತ್ತು ತಿರುಗಿಸಿದರು. ಹಿಂದಿನ ಸಂಜೆಯೇ ಟ್ಯಾಂಕಿಗೆ ಪೌಡರು ಸುರಿದಿದ್ದರು. ದ್ಯಾವಣ್ಣನಿಗಿಂತ ಮುಂಚೆ ವಾಸನೆ ಒಳಗೆ ಬಂದಿತು.

"ಗೌಡ್ರೇ, ಮೀನಿನ ನೀರು ಯಾಕೋ ಮಬ್ಬಾಗೈತೆ. ಹಳೇದ್ ಚೆಲ್ಲಿ ಹೊಸಾದ್ ಹುಯ್ಯಾನ ಅಂತ ನಾನೇ ಹಿಡ್ಕಂಡ್ ಬಂದೆ. ಊರ್ ಮೆಂಬ್ರು ಪಾಪ, ಒಬ್ರೇ ಎಷ್ಟೂಂತ ಮಾಡ್ತೀರ."

"ಇರ್ಲಿ ಬುಡು ದ್ಯಾವಣ್ಣ. ನಾನು ಸಂಜೆ ಹಾಕ್ತೀನಿ."

"ಯಾಕ್ ಮಾರಾಯ್ರೇ? ಇದೂ ನಲ್ಲೀದೇ. ನಿಮ್ದೂ ನಲ್ಲೀದೇ."

ಬೆಂಚಿನವರು ಅಪ್ಪನನ್ನೇ ನೋಡುತ್ತಿದ್ದರು. ಅಪ್ಪನ ರೆಪ್ಪೆಗಳು ಒಂದೆರಡು ಸಲ ಹಿಟ್ಟು ಉದುರಿಸಿದವು. "ಹುಯ್ಯಿ," ಎಂದರು.

ದ್ಯಾವಣ್ಣ ಚೆಂಬಿನಲ್ಲಿ ಹಳೆಯ ನೀರನ್ನು ಮೊಗೆದು ಹೊರಗೆ ಚೆಲ್ಲಿ ಕೊಡವನ್ನು ಬಗ್ಗಿಸಿದ. ಮೊದಲು ಮೀನುಗಳು ಹೊಸ ನೀರಿಗೆ ಹುರುಪಿನಿಂದ ಎಂಬಂತೆ ಓಡಾಡಿದವು. ಆಮೇಲೆ ಗಾಜಿಗೆ ಡಿಕ್ಕಿ ಹೊಡೆದವು. ಆಮೇಲೆ ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಯಾರೋ ತಂದ ಒಂದು ಬುಟ್ಟಿ ರಾಗಿ ಬೀಸಿ ಮುಗಿಯುವ ಹೊತ್ತಿಗೆ ಕೆಂಪಿಯೋ ಕೆಂಚನೋ ಒಂದು ಪಕ್ಕಕ್ಕೆ ವಾಲಿತ್ತು. ಸುಮ ಗಾಜಿನಿಂದ ಮೂಗು ತೆಗೆದು ತಾಯಿಯ ಸೆರಗು ಹಿಡಿದಳು.

ಅಪ್ಪ ಆಗ ಹೇಳಿದರು. ಹಂಡೆ, ಬಿಸಿಲು, ಹಾರಿಹೋಗುವ ಔಷಧಿ, ಎಲ್ಲವನ್ನೂ. ಅಷ್ಟು ಒಳ್ಳೆಯ ವಿಜ್ಞಾನದ ಪಾಠ ನಮ್ಮೂರಿನಲ್ಲಿ ಬೇರೆ ಯಾರೂ ಮಾಡಿಲ್ಲ. ಹೊತ್ತು ಮೀರಿತ್ತು, ಅಷ್ಟೇ.

"ಹಂಗಾರೆ ನಾವೂ ಕುಡುದ್ಬುಟ್ಟು ಒಂದಿನ ಬಿಸಿಲಲ್ಲಿ ಬಾಯಿ ತಕ್ಕಂಡ್ ಮಲಿಕಬೇಕಾ ಗೌಡ್ರೇ?" ಎಂದ ದ್ಯಾವಣ್ಣ. ಬೆಂಚು ನಕ್ಕಿತು. ನಗದೆ ಇದ್ದವಳು ಗಂಗಕ್ಕ ಒಬ್ಬಳೇ. ಅವಳು ತನ್ನ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತ ಕೇಳಿದಳು:

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಿಮ್ಮನೇಲಿ ಕುಡಿಯಾಕೆ ಯಾವ್ ನೀರು?"

ಅದರಲ್ಲಿ ಚುಚ್ಚುಮಾತಿರಲಿಲ್ಲ. ತಿಳಿದುಕೊಳ್ಳಲು ಕೇಳಿದಳು. ನಾವು ಕುಡಿಯುತ್ತಿದ್ದದ್ದು ಬಾವಿಯ ನೀರು. ಊರಿಗೇ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಪ್ಪನ ಬಾಯಿಂದ ಬರುವುದಷ್ಟೇ ಬಾಕಿ. ಅಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು, ತಿರುಗಿ ಹೋಗಿ ಸ್ವಿಚ್ಚು ಒತ್ತಿದರು. ಗಿರಣಿ ಶುರುವಾಯಿತು. ರಾಗಿ ಸುರಿಯುವ ಮೇಲಿನ ತೊಟ್ಟಿಲಲ್ಲಿ ಒಂದು ಕಾಳೂ ಇರಲಿಲ್ಲ. ಕಲ್ಲು ಕಲ್ಲನ್ನೇ ಉಜ್ಜಿ ಸುಟ್ಟ ವಾಸನೆ ಎದ್ದಿತು. ಬರಿ ಗಿರಣಿ ಓಡಿಸಬಾರದೆಂದು ನನಗೆ ನಡೆಯಲು ಬಂದಾಗಿನಿಂದ ಹೇಳುತ್ತಿದ್ದವರು ಅವರೇ.

ಆ ಸದ್ದಿಗೆ ಅಜ್ಜಿ ಒಳಗಿನಿಂದ ಓಡಿಬಂದಳು. "ಯಾವನ್ಲಾ ಬರೀ ಕಲ್ಲು ಬೀಸ್ತಿರೋನು?" ಎಂದವಳಿಗೆ ಕಿಟಕಿಯ ಮೀನುಗಳು ಕಂಡವು. ಚೆಂಬನ್ನು ಕಿತ್ತುಕೊಂಡು ಎರಡನ್ನೂ ಅದರೊಳಗೆ ತೆಗೆದಳು. "ಅಯ್ಯೋ ಪಾಪ, ಬಾಯಿಲ್ಲದ್ ಜೀವ," ಎನ್ನುತ್ತ ಗಂಗಕ್ಕನ ಮುಂದಿನಿಂದಲೇ ಹಾದು, ಹಿತ್ತಲಿಗೆ ಹೋಗಿ, ಕೊಡದಲ್ಲಿ ಮೆಲ್ಲಗೆ ಇಳಿಸಿ ಬಾವಿಗೆ ಬಿಟ್ಟಳು. ನಾನು ಕಟ್ಟೆಯ ಮೇಲೆ ಬಗ್ಗಿ ನೋಡಿದೆ. ಕಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಎರಡು ಕೆಂಡದ ಚೂರುಗಳು ಅಲುಗಾಡಿದವು. ಗಂಗಕ್ಕ ಅಷ್ಟರಲ್ಲಿ ಹೊರಟುಹೋಗಿದ್ದಳು. ಮರುದಿನದಿಂದ ಕೇರಿಯ ಕೊಡಗಳು ಹಳ್ಳಕ್ಕೆ ಇಳಿದವು.

ಅವರು ನಮ್ಮ ಬಾವಿಗೆ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇರಿಯವರು ನಮ್ಮ ಬಾವಿಕಟ್ಟೆ ಹತ್ತುತ್ತಿರಲಿಲ್ಲ. ಹತ್ತಬಾರದು ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಬೀಳದಷ್ಟು ಹಳೆಯ ಏರ್ಪಾಡು ಅದು. ಅಪ್ಪ ಅಂದಿನಿಂದ ಬಾವಿಯ ನೀರು ಬಿಟ್ಟರು. ನಲ್ಲಿಯ ನೀರನ್ನೇ, ವಾಸನೆಯ ಸಮೇತ, ಊಟಕ್ಕೆ ಕೂತಾಗ ಲೋಟ ತುಂಬ ಕುಡಿಯುತ್ತಿದ್ದರು. ಅಜ್ಜಿ ಬೈದರೂ ಬಿಡಲಿಲ್ಲ. ಆದರೆ ಅದನ್ನು ನೋಡಲು ಕೇರಿಯವರು ನಮ್ಮ ಅಡುಗೆಮನೆಗೂ ಬರುತ್ತಿರಲಿಲ್ಲವಲ್ಲ. ನೀರಿಗಾಗಿ ಅಷ್ಟು ಕಚೇರಿಗಳ ಮೆಟ್ಟಿಲು ಹತ್ತಿದ ನನ್ನಪ್ಪನಿಗೆ, ಗದ್ದೆಯಾಚೆಗೆ ಮುಖ ಮಾಡಿ 'ಬನ್ನಿ, ಸೇದಿಕೊಳ್ಳಿ' ಎನ್ನುವ ಎರಡು ಮಾತು ಕೊನೆಯವರೆಗೂ ಬಾಯಿಗೆ ಬರಲಿಲ್ಲ. ಒಳ್ಳೆಯ ಮನುಷ್ಯ. ಅದನ್ನು ಈಗಲೂ ಹೇಳುತ್ತೇನೆ, ಹೇಳಿ ನಾಚುತ್ತೇನೆ.

ಶಾಲೆ ಶುರುವಾದ ಮೇಲೆ ಒಂದು ದಿನ ಸುಮ ಕೇಳಿದಳು. "ಕೆಂಪಿ, ಕೆಂಚ ಎಲ್ಲಿ ಅವೆ?"

"ನಮ್ ಬಾವೀಲಿ."

"ಚೆನ್ನಾಗವಾ?"

"ಹೂಂ. ದಪ್ಪ ಆಗವೆ."

ಬಂದು ನೋಡುತ್ತೇನೆ ಎಂದು ಅವಳು ಹೇಳಲಿಲ್ಲ, ಬಾ ಎಂದು ನಾನೂ ಹೇಳಲಿಲ್ಲ. ಅಷ್ಟು ಸಣ್ಣ ವಯಸ್ಸಿಗೇ ಇಬ್ಬರಿಗೂ ಆ ಪಾಠ ಬಾಯಿಪಾಠವಾಗಿತ್ತು. "ಬಾಲದ್ ಸೀಳು ಕೂಡ್ಕಂತಾ ನೋಡು," ಎಂದಷ್ಟೇ ಹೇಳಿ ತನ್ನ ಜಾಗಕ್ಕೆ ಹೋದಳು.

ಈಗ ಆ ಮನೆ ಇಲ್ಲ. ಅಜ್ಜಿ ಹೋದಳು, ಅಪ್ಪ ಹೋದರು. ಗಿರಣಿಯ ಕಲ್ಲುಗಳು ಯಾರದೋ ಅಂಗಳದಲ್ಲಿ ಮೆಟ್ಟಿಲಾಗಿವೆ. ರಸ್ತೆ ಅಗಲ ಮಾಡಿದವರು ಬೆಂಚನ್ನು ಕಿತ್ತರು, ಜಾಗ ಕೊಂಡವರು ಬಾವಿಗೆ ಮಣ್ಣು ತುಂಬಿದರು. ನಲ್ಲಿ ಇದೆ. ಕೇರಿಯವರು ಹೊಸ ತಲೆಮಾರಿನಲ್ಲಿ, ಯಾವ ಮೀನಿನ ಸಾಕ್ಷಿಯೂ ಇಲ್ಲದೆ, ಅದರ ನೀರನ್ನೇ ಕುಡಿಯುತ್ತಾರಂತೆ. ನಾನು ತಾರಸಿಯ ಮೇಲೆ ಬಕೆಟ್ಟಿನಿಂದ ಚೆಂಬೆತ್ತಿ ಧಾರೆ ಹುಯ್ಯುತ್ತೇನೆ, ವಾಸನೆ ಹೋಗುವವರೆಗೆ.

ಆ ಮಳೆಗಾಲ ಕೇರಿಯಲ್ಲಿ ಮತ್ತೆ ಕಾಮಾಲೆ ಬಂದಿತು. ಸುಮ ಬಹಳ ದಿನ ಮಲಗಿದಳು, ಬದುಕಿಕೊಂಡಳು, ಶಾಲೆಗೆ ತಿರುಗಿ ಬರಲಿಲ್ಲ. ಕೆಂಪು ಮೀನುಗಳು ನಮ್ಮ ಬಾವಿಯಲ್ಲಿ ಬಹಳ ವರ್ಷ ಬದುಕಿದವು.